ತಲಕಾವೇರಿಯಿಂದ ಶಿರಂಗಾಲಕ್ಕೆ, ಭಾನುವಾರಕ್ಕೊಂದು ತುಂಡು

ಸಮುದ್ರದ ದಂಡೆ ಹಿಡಿದು ದಿನಕ್ಕಿಷ್ಟು ಅಂತ ನಡೆಯುವವರ ಬಗ್ಗೆ ನಾನು ಕೇಳಿದ್ದು ಚಿಕ್ಕಮ್ಮನ ಮಗಳಿಂದ. ಅವಳು ಬ್ರಿಟನ್ನಿನ ವೇಲ್ಸ್‌ನಲ್ಲಿ ನರ್ಸ್. ಅಲ್ಲಿ 2012ರಲ್ಲಿ ಇಡೀ ವೇಲ್ಸ್ ಕರಾವಳಿಗೆ ಒಂದೇ ಕಾಲುದಾರಿ ತೆರೆದಿದ್ದಾರೆ, ಸುಮಾರು 1,400 ಕಿಲೋಮೀಟರ್. ಅಷ್ಟನ್ನೂ ಒಂದೇ ಸಲ ನಡೆದು ಮುಗಿಸುವವರು ಕಡಿಮೆಯಂತೆ. ರಜೆ ಸಿಕ್ಕ ದಿನ ಬಸ್ಸಲ್ಲಿ ಹೋಗಿ ಒಂದು ತುಂಡು ನಡೆದು, ಸಂಜೆ ಮುಂದಿನ ಊರಲ್ಲಿ ಬಸ್ ಹತ್ತಿ ಮನೆಗೆ ಬರುವವರೇ ಜಾಸ್ತಿ. ಮುಂದಿನ ಸಲ ಬಿಟ್ಟಲ್ಲಿಂದ ಶುರು. ಕೇಳಿದ ಕೂಡಲೇ ನನಗೆ ಇಷ್ಟವಾಯಿತು. ಕೆಲಸಕ್ಕೆ ರಜೆ ಹಾಕಬೇಕಿಲ್ಲ, ಟೆಂಟ್ ಹೊರಬೇಕಿಲ್ಲ, ರಾತ್ರಿ ಊಟ ಮನೆಯಲ್ಲೇ.

ಕೊಡಗಿಗೆ ಕಡಲಿಲ್ಲ, ಹೊಳೆ ಇದೆ. ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಭಾಗಮಂಡಲ, ನಾಪೋಕ್ಲು, ಬಲಮುರಿ, ಬೇತ್ರಿ, ಕೊಂಡಂಗೇರಿ, ಸಿದ್ದಾಪುರ, ದುಬಾರೆ, ಕುಶಾಲನಗರ, ಕೂಡಿಗೆ, ಕಣಿವೆ ಅಂತ ಸುತ್ತಿಕೊಂಡು ಶಿರಂಗಾಲದ ಹತ್ತಿರ ನಮ್ಮ ಜಿಲ್ಲೆ ಬಿಡುತ್ತದೆ. ಆಮೇಲೆ ಹಾಸನ ಜಿಲ್ಲೆ. ಮಡಿಕೇರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಇದನ್ನು ಹೇಳಿದೆ. ಅವಳು ನಕ್ಷೆ ತೆಗೆದು ಬೆರಳಲ್ಲಿ ಹೊಳೆಯನ್ನು ಕೊನೆಯವರೆಗೂ ಎಳೆದು, ಸರಿ ನಡೆಯೋಣ ಅಂದಳು. ಹಾಗೆ ಶುರುವಾಯಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ದಾರಿ ತೋರಿಸುವ ಕಂಬ ಇಲ್ಲ, ದಾರಿಯೂ ಇಲ್ಲ. ಕಾವೇರಿಯ ದಂಡೆ ಅಂದರೆ ಯಾರದೋ ಗದ್ದೆ, ಯಾರದೋ ಕಾಫಿ ತೋಟ, ತೋಟದ ಕೆಲಸದವರ ಒಂದು ಲೈನ್‌ಮನೆ, ಒಂದು ದೇವರಕಾಡು, ಮಧ್ಯೆ ಒಂದು ರೆಸಾರ್ಟ್, ಮತ್ತೆ ತೋಟ. ಹೊಳೆ ಎಲ್ಲರದ್ದು, ಆದರೆ ಹೊಳೆಗೆ ಇಳಿಯುವ ಜಾಗ ಒಬ್ಬೊಬ್ಬರದು. ಹಾಗಾಗಿ ನಮ್ಮ ನಡಿಗೆಯ ಅರ್ಧ ಕೆಲಸ ನಡೆಯುವ ಮೊದಲೇ ಆಗಬೇಕು. ವಾರದ ಮಧ್ಯೆ ಫೋನ್ ಮಾಡಿ, ಪರಿಚಯದವರ ಪರಿಚಯದವರನ್ನು ಹಿಡಿದು, ನಿಮ್ಮ ತೋಟದೊಳಗೆ ಹೊಳೆ ಬದಿಯಲ್ಲಿ ದಾಟಬಹುದಾ ಅಂತ ಕೇಳಬೇಕು.

ಕೇಳಿದರೆ ಕೊಡಗಿನಲ್ಲಿ ಇಲ್ಲ ಅನ್ನುವವರು ಕಡಿಮೆ. ಆದರೆ ಮೊದಲು ಒಂದು ಪ್ರಶ್ನೆ ಬರುತ್ತದೆ: ನೀವು ಯಾರ ಮನೆಯವರು? ಅದಕ್ಕೆ ಉತ್ತರ ಕೊಟ್ಟರೆ ನಮ್ಮ ಅಜ್ಜಿಯ ತವರು, ಚಿಕ್ಕಪ್ಪನ ಹೆಂಡತಿಯ ಊರು, ಎಲ್ಲ ಬಂದು, ಎಲ್ಲೋ ಒಂದು ಕಡೆ ಪರಿಚಯ ಸಿಕ್ಕಿ ಗೇಟು ತೆರೆಯುತ್ತದೆ. ಪರಿಚಯ ಸಿಗದಿದ್ದರೂ ತೆರೆಯುತ್ತದೆ, ಆಗ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಜೊತೆಗೆ ಬರುತ್ತಾರೆ ಅಷ್ಟೇ. ಆ ರೈಟರ್‌ಗಳಿಂದಲೇ ನಾನು ಹೊಳೆಯ ಬಗ್ಗೆ ಹೆಚ್ಚು ಕಲಿತದ್ದು. ಯಾವ ಮಡುವಿಗೆ ಇಳಿಯಬಾರದು, ಯಾವ ಮರದವರೆಗೆ ನೀರು ಬಂದಿತ್ತು, ಆನೆ ಯಾವ ಕಡೆಯಿಂದ ದಾಟುತ್ತದೆ. ಇದೆಲ್ಲ ಅವರಿಗೆ ಬಾಯಿಪಾಠ.

ಮೊದಲ ತುಂಡು ತಲಕಾವೇರಿಯಿಂದ ಭಾಗಮಂಡಲ, ರಸ್ತೆಯಲ್ಲಿ ಎಂಟು ಕಿಲೋಮೀಟರ್. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಮುಗಿದು ಜನಜಂಗುಳಿ ಕಡಿಮೆಯಾದ ಮೇಲೆ ಹೋದೆವು. ತೀರ್ಥೋದ್ಭವದ ದಿನ ಭಾಗಮಂಡಲದಿಂದ ಮೇಲಕ್ಕೆ ನಡೆದು ಹೋಗುವವರು ಈಗಲೂ ಇದ್ದಾರೆ, ನಾವು ಇಳಿದು ಬಂದೆವು. ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿರುವ, ಕಾವೇರಿ ಹುಟ್ಟುವ ಪುಟ್ಟ ಕುಂಡಿಕೆಯ ಹತ್ತಿರ ನಿಂತಾಗ ಹೊಳೆ ಅನ್ನುವುದು ಎಲ್ಲೂ ಕಾಣುವುದಿಲ್ಲ. ನೀರು ನೆಲದೊಳಗೆ ಹೋಗಿ ಕೆಳಗೆಲ್ಲೋ ಮತ್ತೆ ಬರುತ್ತದೆ ಅನ್ನುತ್ತಾರೆ. ಇಳಿಯುತ್ತಾ ಶೋಲಾ ಕಾಡಿನ ಮಧ್ಯೆ ಎಲ್ಲ ಕಡೆಯಿಂದ ನೀರಿನ ಸದ್ದು ಬರುತ್ತದೆ, ಇದರಲ್ಲಿ ಕಾವೇರಿ ಯಾವುದು ಅಂತ ಹೇಳುವುದು ಕಷ್ಟ.

ಆ ದಾರಿಯಲ್ಲಿ ಮಾತು ಕಡಿಮೆಯಾಗುವ ಜಾಗ ಒಂದಿದೆ. 2020ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ತಲಕಾವೇರಿಯ ಅರ್ಚಕರ ಮನೆಯೇ ಹೋಯಿತು, ಮನೆಯಲ್ಲಿದ್ದವರೂ ಹೋದರು. ಮಣ್ಣು ಜಾರಿದ ಗಾಯದ ಮೇಲೆ ಈಗ ಹುಲ್ಲು, ಗಿಡ ಬಂದಿದೆ. ಆದರೂ ಅಕ್ಕಪಕ್ಕದ ಹಳೆ ಕಾಡಿಗೂ ಅದಕ್ಕೂ ಬಣ್ಣದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ನಾವು ಅಲ್ಲಿ ನಿಂತು ನೋಡಿ, ಏನೂ ಮಾತಾಡದೆ ಇಳಿದೆವು.

ಭಾಗಮಂಡಲದಲ್ಲಿ ಕನ್ನಿಕೆ ಬಂದು ಸೇರುತ್ತದೆ, ಮೂರನೆಯದು ಕಣ್ಣಿಗೆ ಕಾಣದ ಸುಜ್ಯೋತಿ. ಮಳೆಗಾಲದಲ್ಲಿ ಸಂಗಮ ತುಂಬಿ ರಸ್ತೆ ಮುಳುಗಿ, ಆಚೆಯವರು ಆಚೆ, ಈಚೆಯವರು ಈಚೆ ಅಂತ ದಿನಗಟ್ಟಲೆ ಉಳಿಯುತ್ತಿದ್ದರು. ಈಗ ಮೇಲ್ಸೇತುವೆ ಆಗಿದೆ. ಅದರ ಮೇಲೆ ನಿಂತು ನೋಡಿದರೆ ಈ ಊರು ಯಾಕೆ ಮುಳುಗುತ್ತದೆ ಅಂತ ಅರ್ಥವಾಗುತ್ತದೆ. ಬೆಟ್ಟದಿಂದ ಧುಮುಕಿ ಬಂದ ನೀರಿಗೆ ಒಂದೇ ಸಲ ಸಮತಟ್ಟು ಗದ್ದೆ ಸಿಕ್ಕಿಬಿಡುತ್ತದೆ. ಕಾವೇರಿ ಕೊಡಗಿನಲ್ಲಿ ಇಳಿಯುವ ಇಳಿಜಾರಿನ ಬಹುಪಾಲು ಈ ಮೊದಲ ತುಂಡಿನಲ್ಲೇ ಮುಗಿದುಹೋಗುತ್ತದೆ. ಆಮೇಲೆ ಕುಶಾಲನಗರದವರೆಗೂ ಅವಸರವಿಲ್ಲದೆ ಬಳುಕುತ್ತಾ ಹೋಗುವ ಹೊಳೆ ಅದು. ಬಳುಕುವುದರಿಂದಲೇ ದಂಡೆಯಲ್ಲಿ ಗದ್ದೆಗಳು, ಗದ್ದೆಗಳಿರುವುದರಿಂದಲೇ ಊರುಗಳು. ಮಳೆಗಾಲದಲ್ಲಿ ಮೊದಲು ಮುಳುಗುವುದೂ ಅವೇ.

ಭಾಗಮಂಡಲದಿಂದ ನಾಪೋಕ್ಲುವರೆಗಿನ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಅಯ್ಯಂಗೇರಿ, ಪುಲಿಕೋಟು, ಬಲ್ಲಮಾವಟಿ ಕಡೆಯ ಗದ್ದೆಗಳಲ್ಲಿ ಭತ್ತ ಹಾಲು ತುಂಬುವ ಹೊತ್ತು. ಗದ್ದೆ ಬದುವಿನ ಮೇಲೆ ನಡೆದರೆ ಯಾರೂ ಏನೂ ಅನ್ನುವುದಿಲ್ಲ, ಬದು ಒಡೆಯದಂತೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು ಅಷ್ಟೇ. ಹಳ್ಳ ಬಂದಲ್ಲಿ ಎರಡು ಮರದ ದಿಮ್ಮಿ ಹಾಕಿದ ಸಂಕ ಇರುತ್ತದೆ, ಇಲ್ಲದಿದ್ದರೆ ಮೇಲೆ ರಸ್ತೆಗೆ ಹತ್ತಿ ಸುತ್ತಿ ಬರಬೇಕು. ಸುತ್ತುವುದೇ ಜಾಸ್ತಿ. ನೇರ ನೋಡಿದರೆ ಕೂಗಳತೆ ದೂರ, ನಡೆದರೆ ಗಂಟೆ.

ಇಲ್ಲಿ ಗದ್ದೆ ಗದ್ದೆಯಲ್ಲೂ ಬೊತ್ತ್ ನೆಟ್ಟಿದ್ದು ನೋಡಿದೆವು. ಸಂಕ್ರಮಣದ ಹಿಂದಿನ ದಿನ ನೆಡುವ ಕೋಲು ಅದು. ಒಂದರ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಹೆಬ್ಬೆರಳು ದಪ್ಪದ ಹಸಿ ಕೋಲು, ತುದಿಯಲ್ಲಿ ಕಾಡುಬಳ್ಳಿಯನ್ನು ಉಂಗುರ ಮಾಡಿ ಸುತ್ತಿ ಸಿಕ್ಕಿಸಿದ್ದಾರೆ. ಬಳ್ಳಿಯ ಎಲೆ ಬಾಡಿ ಸುರುಟಿತ್ತು, ಉಂಗುರ ಮಾತ್ರ ಗಟ್ಟಿ. ಅದರ ಬುಡದಲ್ಲಿ ಒಂದು ಪುಟ್ಟ ಕಪ್ಪೆ ಕೂತಿತ್ತು. ಗದ್ದೆಯ ಯಜಮಾನಿ ಮೇಲಿಂದ ಕರೆದು, ಬನ್ನಿ ಕಾಫಿ ಕುಡಿದು ಹೋಗಿ ಅಂದರು. ಮನೆಯೊಳಗೆ ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ಕಣಿ ಇಟ್ಟ ಜಾಗ ತೋರಿಸಿದರು. ತೆಂಗಿನಕಾಯಿಗೆ ಕೆಂಪು ರೇಷ್ಮೆ ಉಡಿಸಿ, ಒಡವೆ ಹಾಕಿ, ಕಾವೇರಿ ಅಂತ ಮನೆಮಂದಿಯೆಲ್ಲ ನಮಸ್ಕಾರ ಮಾಡುವುದು. ಬೆಲ್ಲದ ಕಾಫಿ, ಜೊತೆಗೆ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ. ಹೊಳೆ ಕಡೆ ನೋಡಿ ಅವರು ಹೇಳಿದ್ದು, ಅವಳು ಬರುತ್ತಾಳೆ, ಗದ್ದೆ ನೋಡಿ ಹೋಗುತ್ತಾಳೆ, ನಮಗೆ ಸಿಟ್ಟಿಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಅವರ ನಾಟಿಯ ಒಂದು ಭಾಗ ಕೊಚ್ಚಿಹೋಗಿತ್ತು. ಮತ್ತೆ ನೆಟ್ಟಿದ್ದರು.

ಅಕ್ಟೋಬರ್‌ನಲ್ಲಿ ಹೋಗುವವರಿಗೆ ಒಂದು ಮಾತು. ಜಿಗಣೆ ಇರುತ್ತದೆ. ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಸೇರಿಸಿ ಕಾಲುಚೀಲಕ್ಕೆ ಹಚ್ಚಿ ಒಣಗಿಸಿಕೊಂಡು ಹೋದರೆ ಬಹಳ ಮಟ್ಟಿಗೆ ದೂರ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಅದರ ಕಾಟವಿಲ್ಲ, ಬೆಳಗ್ಗೆ ಚಳಿ, ಮಧ್ಯಾಹ್ನ ಹಿತವಾದ ಬಿಸಿಲು. ಆದರೆ ಅದೇ ಕಾಫಿ ಕೊಯ್ಲಿನ ಹೊತ್ತು. ಮೊದಲು ಅರೇಬಿಕಾ, ಹೊಸ ವರ್ಷದ ಮೇಲೆ ರೊಬಸ್ಟಾ. ಕೊಯ್ಲಿನ ಸಮಯದಲ್ಲಿ ತೋಟದೊಳಗೆ ಹೊರಗಿನವರನ್ನು ಬಿಡಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ಹಣ್ಣಾದ ಕಾಫಿ, ಬಳ್ಳಿಯಲ್ಲಿ ಕಾಳುಮೆಣಸು, ಎಲ್ಲ ಕಳ್ಳತನವಾಗುವ ಕಾಲ ಅದು. ಅವರ ಅನುಮಾನ ನ್ಯಾಯವಾದದ್ದೇ. ಹಾಗಾಗಿ ಮೊದಲೇ ಫೋನ್ ಮಾಡಬೇಕು, ಬ್ಯಾಗ್ ಚಿಕ್ಕದಿರಬೇಕು, ಒಂದು ಹಣ್ಣೂ ಕೀಳಬಾರದು.

ನಾಪೋಕ್ಲುವಿನಿಂದ ಕೆಳಗೆ ಹೊಳೆ ಅಗಲವಾಗುತ್ತದೆ. ಚೆರಿಯಪರಂಬು ಅನ್ನುವ ಜಾಗದಲ್ಲಿ ಮನೆಗಳು ಹೊಳೆಗೆ ತೀರ ಹತ್ತಿರ. ಜೋರು ಮಳೆಗೆ ಮೊದಲು ಸ್ಥಳಾಂತರ ಮಾಡುವ ಪಟ್ಟಿಯಲ್ಲಿ ಈ ಊರಿನ ಹೆಸರು ಪ್ರತಿ ವರ್ಷ ಪೇಪರಲ್ಲಿ ಓದುತ್ತೇವೆ. ಚಳಿಗಾಲದಲ್ಲಿ ಹೋದರೆ ಮಕ್ಕಳು ಮರಳಿನ ಮೇಲೆ ಕ್ರಿಕೆಟ್ ಆಡುತ್ತಿರುತ್ತಾರೆ.

ಬಲಮುರಿಯಲ್ಲಿ ಬುತ್ತಿ ಬಿಚ್ಚಿದೆವು. ಕಣ್ವಮುನೀಶ್ವರ, ಅಗಸ್ತ್ಯೇಶ್ವರ ದೇವಸ್ಥಾನಗಳು ಹೊಳೆಯ ಬದಿಯಲ್ಲೇ ಇವೆ. ಕಾವೇರಿ ಹರಿದು ಹೋಗುವುದನ್ನು ತಡೆಯಲು ಕೊಡವರು ಅಡ್ಡ ನಿಂತಾಗ ಅವಳು ಬಲಕ್ಕೆ ತಿರುಗಿ ಹೋದಳು, ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು, ಅಂದಿನಿಂದ ನೆರಿಗೆ ಹಿಂದೆ ಉಡುವುದು ರೂಢಿಯಾಯಿತು ಅನ್ನುವ ಕಥೆ ಇಲ್ಲಿಯದೇ. ಕಥೆ ಚಿಕ್ಕಂದಿನಿಂದ ಗೊತ್ತಿತ್ತು. ಕಾಲಲ್ಲಿ ನಡೆದು ಬಂದು ಆ ತಿರುವನ್ನು ನೋಡಿದ್ದು ಮೊದಲ ಸಲ. ನಿಜಕ್ಕೂ ಹೊಳೆ ಅಲ್ಲಿ ಗಟ್ಟಿಯಾಗಿ ತಿರುಗುತ್ತದೆ. ಕಾರಲ್ಲಿ ಬಂದು ಸೇತುವೆ ದಾಟಿದರೆ ಅದು ಗೊತ್ತಾಗುವುದೇ ಇಲ್ಲ.

ಅಲ್ಲಿಂದ ಬೇತ್ರಿ ಸೇತುವೆವರೆಗೆ ನಡೆದದ್ದು ಡಿಸೆಂಬರ್‌ನಲ್ಲಿ. ಹೊಳೆ ಬದಿಯ ನೀರಂಜಿ, ನೇರಳೆ, ಬಿದಿರುಗಳ ಮೇಲೆ ನನ್ನ ತಲೆಗಿಂತ ಎಷ್ಟೋ ಎತ್ತರದಲ್ಲಿ ಹರಿದ ಸೀರೆ, ಗೊಬ್ಬರದ ಚೀಲ, ಪ್ಲಾಸ್ಟಿಕ್ ಕವರ್ ಸಿಕ್ಕಿಹಾಕಿಕೊಂಡಿದ್ದವು. ಅಷ್ಟು ಎತ್ತರಕ್ಕೆ ನೀರು ಬಂದಿತ್ತು ಅಂತ ಲೆಕ್ಕ. ಕೆಳಗೆ ಮೊಣಕಾಲು ಮಟ್ಟದ ನೀರು ಸದ್ದಿಲ್ಲದೆ ಹೋಗುತ್ತಿರುತ್ತದೆ, ತಲೆ ಎತ್ತಿ ಮೇಲೆ ನೋಡಿದರೆ ನಂಬಲಾಗುವುದಿಲ್ಲ. ಆ ಕವರುಗಳನ್ನು ಯಾರು ತೆಗೆಯುತ್ತಾರೆ? ಕೈಗೆ ಎಟುಕುವುದನ್ನು ನಾವು ತೆಗೆದು ಚೀಲಕ್ಕೆ ತುಂಬಿದೆವು, ಒಂದು ಗಂಟೆಯೊಳಗೆ ಚೀಲ ತುಂಬಿತು, ಮೇಲಿನದ್ದು ಹಾಗೇ ಉಳಿಯಿತು.

ಇನ್ನೊಂದು ವಿಷಯವನ್ನೂ ಹೇಳಬೇಕು. ಒಂದು ಹಳ್ಳ ಹೊಳೆಗೆ ಸೇರುವ ಕಡೆ ನೀರು ಕಂದು ಬಣ್ಣಕ್ಕೆ ತಿರುಗಿ ಹುಳಿ ನಾತ ಹೊಡೆಯುತ್ತಿತ್ತು. ಪಲ್ಪರ್ ನೀರು. ಅರೇಬಿಕಾ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರನ್ನು ಗುಂಡಿಯಲ್ಲಿ ಇಂಗಿಸಿ ಸಂಸ್ಕರಿಸಬೇಕು, ಹಳ್ಳಕ್ಕೆ ಬಿಡಬಾರದು. ಬಿಟ್ಟರೆ ಅದರಲ್ಲಿರುವ ಸಕ್ಕರೆ, ಲೋಳೆ ಕೊಳೆಯುತ್ತಾ ನೀರಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಂಡು ಮೀನು ಸಾಯುತ್ತವೆ. ಇದು ಎಲ್ಲ ಬೆಳೆಗಾರರಿಗೂ ಗೊತ್ತು, ಹೆಚ್ಚಿನವರು ಪಾಲಿಸುತ್ತಾರೆ ಕೂಡ. ಒಬ್ಬಿಬ್ಬರು ಬಿಟ್ಟರೂ ಕೆಳಗಿನ ಊರಿನವರು ಕುಡಿಯುವುದು ಅದನ್ನೇ. ಕುಡಿಯುವ ನೀರಿಗೆ ಹೊಳೆಯನ್ನೇ ನಂಬಿದ ಮನೆಗಳ ಪಕ್ಕದಲ್ಲೇ ನಡೆದು ಬಂದಿದ್ದಕ್ಕೋ ಏನೋ, ನನಗೆ ಆ ದಿನ ಬಹಳ ಸಿಟ್ಟು ಬಂದಿತ್ತು, ಈಗಲೂ ಹೋಗಿಲ್ಲ.

ಬಸ್ಸಿನ ಲೆಕ್ಕಾಚಾರ ಸ್ವಲ್ಪ ಹೇಳುತ್ತೇನೆ, ಇದನ್ನು ಮಾಡುವವರಿಗೆ ಅದೇ ಮುಖ್ಯ. ನಮ್ಮಲ್ಲಿ ರೈಲಿಲ್ಲ. ಸರ್ಕಾರಿ ಬಸ್ಸಿಗಿಂತ ಖಾಸಗಿ ಬಸ್ ಓಡುವ ರೂಟುಗಳು ಬಹಳ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೂ ಒಳಗಿನ ಊರುಗಳ ಹೆಂಗಸರು ಟಿಕೆಟ್ ದುಡ್ಡು ಕೊಟ್ಟೇ ಓಡಾಡುವುದು. ಭಾನುವಾರ ಕೆಲವು ಬಸ್ ಇರುವುದೇ ಇಲ್ಲ. ಅದಕ್ಕೆ ನಾವು ಒಂದು ರೂಢಿ ಮಾಡಿಕೊಂಡೆವು. ಬೆಳಗ್ಗೆ, ಆ ದಿನದ ನಡಿಗೆ ಮುಗಿಯುವ ಊರಿಗೆ ಮೊದಲು ಹೋಗಿ ವಾಪಸ್ ಬಸ್ಸಿನ ಸಮಯ ಅಂಗಡಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವುದು, ಆಮೇಲೆ ಆಟೋ ಹಿಡಿದು ಶುರುವಾಗುವ ಜಾಗಕ್ಕೆ ಹೋಗುವುದು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಸಾಕು. ಗೇಟು, ಮಾತು, ಕಾಫಿ, ಸುತ್ತು ದಾರಿ ಎಲ್ಲ ಸೇರಿದರೆ ಅಷ್ಟಕ್ಕೇ ಸಂಜೆಯಾಗುತ್ತದೆ.

ಬೇತ್ರಿ ದಾಟಿದ ಮೇಲೆ ನಡಿಗೆಯ ಸಮಯವನ್ನು ನಿರ್ಧರಿಸುವುದು ಆನೆ. ಕೊಂಡಂಗೇರಿ, ಗುಹ್ಯ, ಕರಡಿಗೋಡು, ನೆಲ್ಯಹುದಿಕೇರಿ, ವಾಲ್ನೂರು, ತ್ಯಾಗತ್ತೂರು. ಈ ಕಡೆ ತೋಟಗಳಲ್ಲೇ ಆನೆಗಳು ಹಗಲು ಕಳೆಯುತ್ತವೆ. ನೆರಳಿದೆ, ಕೆರೆ ಇದೆ, ಹಲಸು ಇದೆ, ಪಕ್ಕದಲ್ಲಿ ಗದ್ದೆ ಇದೆ. ಕಾಡಿಗೆ ಅಟ್ಟಿದರೂ ಮತ್ತೆ ಬರುತ್ತವೆ. ಬೆಳಗ್ಗೆ ಕೆಲಸಕ್ಕೆ ಹೋಗುವ ಕಾರ್ಮಿಕರು ಆನೆಗೆ ಸಿಕ್ಕಿ ಸತ್ತ ಸುದ್ದಿ ನಮಗೆ ಅಪರೂಪವಲ್ಲ. ಹಾಗಾಗಿ ಎಂಟು ಗಂಟೆಗೆ ಮೊದಲು ತೋಟಕ್ಕೆ ಕಾಲಿಡಲಿಲ್ಲ, ನಾಲ್ಕರ ಮೇಲೆ ಉಳಿಯಲಿಲ್ಲ. ಹಿಂದಿನ ರಾತ್ರಿ ಆ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಆನೆ ಎಲ್ಲಿದೆ ಅಂತ ಕೇಳಿ, ಬೆಳಗ್ಗೆ ರೈಟರ್ ಹತ್ತಿರ ಮತ್ತೊಮ್ಮೆ ಕೇಳಿ, ಬೇಡ ಅಂದರೆ ವಾಪಸ್. ಎಷ್ಟೋ ಭಾನುವಾರ ಹಾಗೆ ಸುಮ್ನೆ ಸಿದ್ದಾಪುರ ಸಂತೆ ಸುತ್ತಿ, ಒಣಮೀನು, ತರಕಾರಿ ತಗೊಂಡು ಮನೆಗೆ ಬಂದಿದ್ದೇವೆ. ತೋಟದ ಕೆಲಸದವರೆಲ್ಲ ಬರುವ ದೊಡ್ಡ ಸಂತೆ ಅದು, ಹೋಗಿದ್ದಕ್ಕೆ ಬೇಸರವೇನಿಲ್ಲ.

ಆನೆಯನ್ನು ನಾವು ದಂಡೆಯಲ್ಲಿ ಎದುರುಬದುರು ನೋಡಲಿಲ್ಲ, ನೋಡಬೇಕು ಅಂತಲೂ ಇರಲಿಲ್ಲ. ಹೆಜ್ಜೆ ನೋಡಿದೆವು. ಕೊಂಡಂಗೇರಿಯ ಕೆಳಗೆ ಒಂದು ಮರಳ ದಿಣ್ಣೆಯಲ್ಲಿ ಹೊಳೆಯಿಂದ ಹತ್ತಿ ಬಂದ ಸಾಲು ಹೆಜ್ಜೆಗಳು. ದೊಡ್ಡದರ ಪಕ್ಕದಲ್ಲೇ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪುಟ್ಟ ಹೆಜ್ಜೆ. ದೊಡ್ಡ ಹೆಜ್ಜೆಯೊಳಗೆ ಕೆಳಗಿನಿಂದ ನೀರು ಇನ್ನೂ ಒಸರುತ್ತಿತ್ತು, ಅಂಚಿನ ಮರಳು ಒಂದೊಂದೇ ಕಣ ಕುಸಿದು ಒಳಗೆ ಬೀಳುತ್ತಿತ್ತು. ಜೊತೆಗಿದ್ದ ರೈಟರ್ ಅದನ್ನು ನೋಡಿದ ಕೂಡಲೇ ಮಾತು ನಿಲ್ಲಿಸಿ ಕೈಸನ್ನೆಯಲ್ಲೇ ನಮ್ಮನ್ನು ಹಿಂದಕ್ಕೆ ಕಳಿಸಿದರು. ಹೋಗಿ ಬಹಳ ಹೊತ್ತಾಗಿಲ್ಲ ಅಂತ ಅವರು ಹೇಳಿದ್ದು ಗೇಟು ಮುಟ್ಟಿದ ಮೇಲೆ.

ಕರಡಿಗೋಡಿನಲ್ಲಿ, ಹೊಳೆಯ ಆಚೆ ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡಿನಲ್ಲಿ, ನಾವು ನಡೆದದ್ದು ಕಡಿಮೆ, ಕೂತು ಕೇಳಿದ್ದು ಜಾಸ್ತಿ. 2019ರ ಆಗಸ್ಟ್‌ನಲ್ಲಿ ಕಾವೇರಿ ಇಲ್ಲಿ ಮನೆಗಳನ್ನೇ ಹೊತ್ತುಕೊಂಡು ಹೋಯಿತು. ಹಿಂದಿನ ವರ್ಷ, 2018ರಲ್ಲಿ, ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಕುಸಿದಾಗ ಹೊರಗಿನವರೆಲ್ಲ ಕೊಡಗಿನ ಕಡೆ ನೋಡಿದ್ದರು. ಮರುವರ್ಷದ ಹೊಳೆ ದಂಡೆಯ ಕಥೆ ಅಷ್ಟು ದೂರ ಹೋಗಲಿಲ್ಲ. ಇಲ್ಲಿ ಇದ್ದವರು ಹೆಚ್ಚಾಗಿ ತೋಟದ ಕೆಲಸದವರು, ಕೂಲಿಯವರು. ಬೇರೆಲ್ಲೂ ಜಾಗ ಸಿಗದೆ ಹೊಳೆ ಬದಿಯಲ್ಲಿ ಮನೆ ಕಟ್ಟಿಕೊಂಡವರು. ಒಬ್ಬರು ತಮ್ಮ ಮನೆಯ ಉಳಿದ ಗೋಡೆ ತೋರಿಸಿದರು. ಹಸಿರು ಬಣ್ಣದ ಗೋಡೆ, ಕಿಟಕಿಯ ಮೇಲ್ಗಡೆ ಅಡ್ಡಕ್ಕೆ ಒಂದು ಕಂದು ಗೆರೆ. ಗೆರೆಯ ಕೆಳಗೆ ಬಣ್ಣ ಎದ್ದು ಚಕ್ಕೆ ಚಕ್ಕೆಯಾಗಿದೆ, ಮೇಲೆ ಹಾಗೇ ಇದೆ. ಗೋಡೆಯ ಮೊಳೆಯಲ್ಲಿ ದೇವರ ಫೋಟೋ ಇದ್ದ ಚೌಕ ಜಾಗ ಮಾತ್ರ ಬಣ್ಣ ಮಾಸದೆ ಉಳಿದಿದೆ. ಆ ಫೋಟೋ ಒಂದನ್ನು ತೆಗೆದುಕೊಂಡು ಓಡಿದೆವು ಅಂದರು.

ಈ ಜನರಿಗೆ ಹೊಳೆಯಿಂದ ದೂರ ಒಂದು ಜಾಗ ಸಿಗಬೇಕು. ಕೆಲವರಿಗೆ ಸಿಕ್ಕಿದೆ, ಕೆಲವರು ಇನ್ನೂ ಅಲ್ಲೇ ಇದ್ದಾರೆ, ಪ್ರತಿ ಜುಲೈಗೆ ಗಂಟುಮೂಟೆ ಕಟ್ಟಿ ಪರಿಹಾರ ಕೇಂದ್ರಕ್ಕೆ ಹೋಗಿ, ನೀರು ಇಳಿದ ಮೇಲೆ ವಾಪಸ್ ಬಂದು ಕೆಸರು ತೊಳೆಯುತ್ತಾರೆ. ಹೊಳೆ ದಂಡೆ ಸುಂದರ ಅಂತ ನಡೆಯಲು ಹೋಗುವ ನಮ್ಮಂಥವರು ಇವರ ಅಂಗಳದಲ್ಲೇ ದಾಟಿ ಹೋಗುವುದು, ಅದನ್ನು ಮರೆಯಬಾರದು ಅಂತ ನನಗೆ ಅನಿಸುತ್ತದೆ.

ವಾಲ್ನೂರಿನ ಕಡೆ ಹೊಳೆ ಮತ್ತೆ ಬೇರೆ. ದೊಡ್ಡ ದೊಡ್ಡ ಬಂಡೆ, ನಡುವೆ ಕಪ್ಪಗೆ ನಿಂತ ಮಡು. ಮಹಶೀರ್ ಮೀನಿಗೆ ಹೆಸರಾದ ಜಾಗ. ಇಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಬಹಳ ಕಾಲದಿಂದ ಇದೆ. ಕಾವೇರಿಯಲ್ಲಿ ಮಾತ್ರ ಸಿಗುವ ಗೂನುಬೆನ್ನಿನ ಮಹಶೀರ್ ಈಗ ತೀರಾ ಅಳಿವಿನಂಚಿಗೆ ಬಂದಿದೆ ಅಂತ 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ನಮಗೆ ಮೀನು ಕಾಣಲಿಲ್ಲ, ನೀರುನಾಯಿ ಕಂಡವು. ಬಂಡೆಯ ಮೇಲೆ ಏಡಿ ಚಿಪ್ಪು ತುಂಬಿದ ಅವುಗಳ ಹಿಕ್ಕೆ ಮೊದಲು ಸಿಕ್ಕಿತು, ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಒಂದು ಕುಟುಂಬವೇ ತಲೆ ಎತ್ತಿ ನಮ್ಮನ್ನು ನೋಡಿ, ಒಟ್ಟಿಗೆ ಸೀಟಿ ಹೊಡೆದ ಹಾಗೆ ಕೂಗಿ ಮುಳುಗಿದವು. ಗೆಳತಿ ಖುಷಿಗೆ ನನ್ನ ತೋಳು ಹಿಡಿದುಕೊಂಡು ಬಿಡಲೇ ಇಲ್ಲ.

ಇಲ್ಲಿಂದ ಮುಂದೆ ಹೊಳೆಯ ಬಲಗಡೆ ದುಬಾರೆ ಮೀಸಲು ಅರಣ್ಯ, ಆ ಕಡೆ ಕಾಲಿಡುವ ಹಾಗಿಲ್ಲ. ಎಡದಂಡೆಯಲ್ಲೇ ನಂಜರಾಯಪಟ್ಟಣದ ಕಡೆಗೆ ಹೋದೆವು. ಅಲ್ಲಲ್ಲಿ ಆನೆ ತಡೆಯಲು ರೈಲ್ವೆ ಹಳಿಗಳಿಂದ ಮಾಡಿದ ಬೇಲಿ, ತೋಟಗಳಿಗೆ ಸೋಲಾರ್ ಬೇಲಿ. ಸೋಲಾರ್ ತಂತಿ ಮುಟ್ಟಬೇಡಿ, ದಾಟಲು ಗೇಟಿರುವ ಕಡೆಗೇ ಹೋಗಿ. ದುಬಾರೆಯ ಬಗ್ಗೆ ಎಲ್ಲರಿಗೂ ಗೊತ್ತು, ಜೇನುಕುರುಬ ಮಾವುತರು, ಬೆಳಗಿನ ಆನೆ ಸ್ನಾನ, ದಸರಾಕ್ಕೆ ಹೋಗುವ ಆನೆಗಳು. ಭಾನುವಾರ ಅಲ್ಲಿ ನಿಲ್ಲಲು ಜಾಗವಿಲ್ಲ. ನಾವು ಬೇಗ ದಾಟಿದೆವು. ಒಂದೇ ಮಾತು, ಬಂಡೆ ನೋಡಿ ನೀರು ಆಳವಿಲ್ಲ ಅಂತ ಇಳಿಯಬೇಡಿ. ಬಂಡೆಯ ಬುಡದಲ್ಲೇ ಸುಳಿ ಇರುತ್ತದೆ, ಈಜು ಬಲ್ಲವರೇ ಹೋಗಿದ್ದಾರೆ.

ನಿಸರ್ಗಧಾಮ, ಕುಶಾಲನಗರ ಒಂದೇ ದಿನ. ಇಲ್ಲಿ ಹೊಳೆ ಬದಿಯಲ್ಲಿ ನಡೆಯುವುದಕ್ಕಿಂತ ಬಡಾವಣೆಗಳ ಒಳಗೆ ನಡೆಯುವುದೇ ಜಾಸ್ತಿ. ಸಾಯಿ ಬಡಾವಣೆ, ಕುವೆಂಪು ಬಡಾವಣೆ, 2018, 2019ರಲ್ಲಿ ನೀರು ನುಗ್ಗಿದ ಜಾಗಗಳು. ಮನೆಗಳು ಚೆನ್ನಾಗಿವೆ, ಹೂಗಿಡಗಳಿವೆ, ಹೊಳೆ ಗೋಡೆಯಾಚೆಗೇ ಇದೆ. ಇದೇ ಹೊಳೆ 2024ರ ಬೇಸಿಗೆಯಲ್ಲಿ ಇಲ್ಲೇ ಹರಿವು ನಿಂತು ಬಂಡೆ ಬಂಡೆಯಾಗಿತ್ತು. ಎರಡನ್ನೂ ಕಂಡ ಊರು.

ಕೊಪ್ಪ ಸೇತುವೆಯ ಆಚೆ ಮೈಸೂರು ಜಿಲ್ಲೆ. ಇಲ್ಲಿಂದ ಕಾವೇರಿ ಉತ್ತರಕ್ಕೆ ತಿರುಗುತ್ತದೆ, ಗಡಿಯೂ ಅದರ ಜೊತೆಗೇ. ಕೂಡಿಗೆಯಲ್ಲಿ ಹಾರಂಗಿ ಬಂದು ಕೂಡುತ್ತದೆ. ಕೂಡಿಗೆ ದಾಟಿದ ಮೇಲೆ ಕೊಡಗು ಬೇರೆಯಾಗಿಬಿಡುತ್ತದೆ. ಸಿಲ್ವರ್ ಓಕ್ ಇಲ್ಲ, ಕಾಫಿ ಇಲ್ಲ, ಮೆಣಸಿನ ಬಳ್ಳಿ ಇಲ್ಲ. ಶುಂಠಿ, ಜೋಳ, ತೆಂಗು, ಎತ್ತಿನ ಗಾಡಿ, ಬಿಸಿಲು. ಗೇಟುಗಳೂ ಇಲ್ಲ, ಯಾರನ್ನೂ ಕೇಳಬೇಕಿಲ್ಲ, ಹೊಲದ ಅಂಚಲ್ಲಿ ಎಲ್ಲಿ ಬೇಕಾದರೂ ಹೊಳೆಗೆ ಇಳಿಯಬಹುದು. ಊರಿನವರೇ ಕರೆದು ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಾರೆ. ಮೊದಲ ಸಲ ನಮಗೆ ದಿನಕ್ಕೆ ಹದಿನೈದು ಕಿಲೋಮೀಟರ್ ದಾಟಲು ಸಾಧ್ಯವಾದದ್ದು ಇಲ್ಲಿ. ಅಷ್ಟು ಸಲೀಸಾಗಿ ಹೋಗುತ್ತಿದ್ದರೂ ನನಗೆ ಮೇಲಿನ ಆ ಗೇಟುಗಳು, ಯಾರ ಮನೆಯವರು ಅನ್ನುವ ಪ್ರಶ್ನೆ, ಬೆಲ್ಲದ ಕಾಫಿ ನೆನಪಾಗುತ್ತಿತ್ತು. ಕಣಿವೆಯಲ್ಲಿ ರಾಮಲಿಂಗೇಶ್ವರ ದೇವಸ್ಥಾನದ ಹತ್ತಿರ ತೂಗುಸೇತುವೆ ಇದೆ, ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು. ದಾಟಿ ಹೋಗಿ ಮಜ್ಜಿಗೆ ಕುಡಿದು ವಾಪಸ್ ಬಂದು ಹೆಬ್ಬಾಲೆ ಕಡೆಗೆ ಮುಂದುವರಿದೆವು.

ಶಿರಂಗಾಲದಲ್ಲಿ ಹೊಳೆಗೆ ಇಳಿದು ಮುಖ ತೊಳೆದು, ಕುಶಾಲನಗರದ ಬಸ್ ಹತ್ತಿದೆವು. ಆದರೆ ಪೂರ್ತಿ ಆಗಿಲ್ಲ. ಬೇತ್ರಿಯಿಂದ ಕೊಂಡಂಗೇರಿ ನಡುವೆ ಒಂದು ತುಂಡು ಬಾಕಿ ಇದೆ, ಅಲ್ಲಿ ನಾವು ರಸ್ತೆಯಲ್ಲೇ ಸುತ್ತಿ ಹೋಗಿದ್ದೆವು. ಆ ತೋಟದ ಮಾಲೀಕರು, ಈಗ ರೊಬಸ್ಟಾ ಕೊಯ್ಲು, ಜನ ತುಂಬ ಇದ್ದಾರೆ, ಕಾಫಿ ಅರಳಿಸುವ ಹೂಮಳೆ ಆದ ಮೇಲೆ ಬನ್ನಿ, ನಾನೇ ಜೊತೆಗೆ ನಡೆಯುತ್ತೇನೆ ಅಂದಿದ್ದಾರೆ. ಅವರಿಗೆ ಎಪ್ಪತ್ತರ ಮೇಲೆ ವಯಸ್ಸು, ಚಿಕ್ಕಂದಿನಲ್ಲಿ ಆ ದಂಡೆಯಲ್ಲೇ ಶಾಲೆಗೆ ನಡೆದು ಹೋಗುತ್ತಿದ್ದರಂತೆ. ಮಾರ್ಚ್‌ನಲ್ಲಿ ಫೋನ್ ಮಾಡಬೇಕು.